ಸೆರೆಯ ಲೆಕ್ಕ, ತೊಟ್ಟಿಲ ಲೆಕ್ಕ

ಕಳೆದ ವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕಿನಿಂದ ನನ್ನ ಕಾಲೇಜು ದಿನಗಳ ನೋಟ್ ಪುಸ್ತಕವೊಂದು ಹೊರಬಿತ್ತು. 1975ನೆಯ ಇಸವಿಯದು. ಜಿರಲೆ ತಿಂದು ಉಳಿಸಿದ ಹಾಳೆಗಳಲ್ಲಿ ಒಂದರ ಮೇಲೆ, ಆ ಕಾಲದ ನನ್ನ ದುಂಡು ಅಕ್ಷರದಲ್ಲಿ, ಹೀಗೊಂದು ವಾಕ್ಯವಿತ್ತು: ‘ಎಕ್ಸ್ ವೈ ವೈ. ಈ ಗಂಡಸರು ಬಹಳ ಎತ್ತರ. ಹುಟ್ಟಿನಿಂದಲೇ ಅಪರಾಧ ಪ್ರವೃತ್ತಿಯವರು.’ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಪರೀಕ್ಷೆಗೆ ಖಂಡಿತ ಬರುತ್ತದೆಂದು ಮೇಷ್ಟ್ರು ಹೇಳಿದ್ದರು. ಬಂದಿತು, ಬರೆದೆ, ಅಂಕವೂ ಸಿಕ್ಕಿತು.

ಮೇಷ್ಟ್ರನ್ನು ನಾನು ದೂರುತ್ತಿಲ್ಲ. ಪುಸ್ತಕದಲ್ಲಿ ಇದ್ದುದನ್ನು ಅವರು ಹೇಳಿದರು, ಅವರು ಹೇಳಿದುದನ್ನು ನಾವು ಬರೆದುಕೊಂಡೆವು. ಆದರೂ ಆ ಗೆರೆಗಳನ್ನು ನೋಡಿದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಈಗಷ್ಟೇ ಕಣ್ಣು ತೆರೆದ ಮಗುವಿನ ಹಣೆಯ ಮೇಲೆ ‘ಅಪರಾಧಿ’ ಎಂದು ಬರೆಯುವ ಧೈರ್ಯ ಯಾರಿಗೆ, ಯಾವಾಗ, ಯಾವ ಆಧಾರದಿಂದ ಬಂದೀತು? ಬಿಡುವಾದಾಗಲೆಲ್ಲ ಇದರ ಚರಿತ್ರೆಯನ್ನು ಹುಡುಕಿ ಓದುತ್ತ ಹೋದೆ. ಓದಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಮೈಯ ಬಹುಮಟ್ಟಿಗೆ ಎಲ್ಲ ಜೀವಕೋಶಗಳಲ್ಲಿಯೂ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳಿವೆ. ಕ್ರೋಮೊಸೋಮ್ ಎಂಬ ಹೆಸರು ಈಗ ಹೆಚ್ಚು ಬಳಕೆಯಲ್ಲಿದೆ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದು ಜೊತೆಜೊತೆಯಾಗಿ ಕುಳಿತಿರುತ್ತವೆ. ಕೊನೆಯ ಜೊತೆಯಲ್ಲಿ ಎಕ್ಸ್ ಎರಡಿದ್ದರೆ ಹೆಣ್ಣು. ಒಂದು ಎಕ್ಸ್, ಒಂದು ವೈ ಇದ್ದರೆ ಗಂಡು. ಒಟ್ಟು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಬಹಳ ತಡವಾಗಿ. 1923ರಲ್ಲಿ ಟೆಕ್ಸಾಸಿನ ಥಿಯೊಫಿಲಸ್ ಪೇಂಟರ್ ಎಂಬಾತ ನಲವತ್ತೆಂಟು ಎಂದು ಸಾರಿದ. ಅವನು ಎಣಿಸಿದ್ದು ಅಲ್ಲಿನ ಹುಚ್ಚಾಸ್ಪತ್ರೆಯ ರೋಗಿಗಳ ಶರೀರದಿಂದ ತೆಗೆದ ವೃಷಣಗಳ ತೆಳು ಸೀಳುಗಳಲ್ಲಿ. ಮನುಷ್ಯನ ವರ್ಣತಂತುಗಳ ಲೆಕ್ಕ ಹುಚ್ಚಾಸ್ಪತ್ರೆಯಿಂದ ಹೊರಟಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆಯೂ ಅದು ಅದೇ ಜಾಗಕ್ಕೆ ಹಿಂತಿರುಗಲಿದೆ.

ಮುವ್ವತ್ತು ವರ್ಷ ಎಲ್ಲರೂ ನಲವತ್ತೆಂಟು ಎಂದೇ ನಂಬಿದರು. ಎಳೆಗಳು ಒಂದರ ಮೇಲೊಂದು ಬಿದ್ದು ಸಿಕ್ಕಾಗಿದ್ದುದರಿಂದ ಎಣಿಸುವವನು ತನ್ನ ಕಣ್ಣಿಗಿಂತ ಪುಸ್ತಕವನ್ನೇ ಹೆಚ್ಚು ನಂಬುತ್ತಿದ್ದ. ಸಿಕ್ಕು ಬಿಡಿಸುವ ಉಪಾಯ ಅಮೆರಿಕದ ಟಿ. ಸಿ. ಶ್ಯೂ ಎಂಬ ಚೀನೀ ಮೂಲದ ವಿದ್ವಾಂಸನಿಗೆ ದೊರಕಿದ್ದು ಅಕಸ್ಮಾತ್ತಾಗಿ. ಪ್ರಯೋಗಶಾಲೆಯಲ್ಲಿ ಯಾರೋ ಉಪ್ಪುನೀರಿನ ಹದ ತಪ್ಪಿಸಿ ತೆಳ್ಳಗೆ ಮಾಡಿಬಿಟ್ಟಿದ್ದರು. ಜೀವಕೋಶಗಳು ನೀರು ಕುಡಿದು ಉಬ್ಬಿ, ಎಳೆಗಳು ಬಿಡಿಬಿಡಿಯಾಗಿ ಹರಡಿಕೊಂಡಿದ್ದವು. 1952ರಲ್ಲಿ ಶ್ಯೂ ಇದನ್ನು ಪ್ರಕಟಿಸಿದ. ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟಿಯೊ ಸ್ವೀಡನ್ನಿನ ಲುಂಡ್ ನಗರದಲ್ಲಿ ಆಲ್ಬರ್ಟ್ ಲೆವಾನನ ಜೊತೆ ಅದೇ ಉಪಾಯವನ್ನು ಇನ್ನಷ್ಟು ಹದಗೊಳಿಸಿ, 1955ರ ಡಿಸೆಂಬರಿನಲ್ಲಿ ಎಣಿಸಿ ನೋಡಿದರೆ, ನಲವತ್ತಾರೇ ಇವೆ! ಮರುವರ್ಷ ಅದು ಅಚ್ಚಾಯಿತು.

ಆ ಮೇಲೆ ಬಾಗಿಲು ತೆರೆಯಿತು. 1959ರಲ್ಲಿ ಪ್ಯಾರಿಸಿನಿಂದ ಒಂದು ಸುದ್ದಿ: ಡೌನ್ ಲಕ್ಷಣದ ಮಕ್ಕಳಲ್ಲಿ ಇಪ್ಪತ್ತೊಂದನೆಯ ತಂತು ಎರಡಲ್ಲ, ಮೂರು. ಅದೇ ವರ್ಷ ಎಡಿನ್‌ಬರೋದ ಪೆಟ್ರೀಷಿಯಾ ಜೇಕಬ್ಸ್ ಎಂಬ ತರುಣಿಯೂ ಜಾನ್ ಸ್ಟ್ರಾಂಗ್ ಎಂಬ ವೈದ್ಯನೂ ಎರಡು ಎಕ್ಸ್, ಒಂದು ವೈ ಇರುವ ಗಂಡಸನ್ನು ಕಂಡರು. ಮೊದಮೊದಲು ಪರೀಕ್ಷೆಗೆ ಎಲುಬಿನ ಮಜ್ಜೆಯೋ ಚರ್ಮದ ಚೂರೋ ಬೇಕಾಗಿತ್ತು. 1960ರಲ್ಲಿ ಬರಿಯ ರಕ್ತದಿಂದಲೇ ಮಾಡುವ ವಿಧಾನ ಬಂದಿತು. ಅದರ ಸಾಮಗ್ರಿಯನ್ನು ಕೇಳಿದರೆ ನಗು ಬರುತ್ತದೆ. ರಕ್ತದ ಬಿಳಿಯ ಕಣಗಳು ವೃದ್ಧಿಯಾಗುವಂತೆ ಕೆಣಕಲು ರಾಜ್ಮಾ ಕಾಳಿನ ಸತ್ತ್ವ; ಮೂರು ದಿನ ಮೈಯ ಕಾವಿನಲ್ಲಿಟ್ಟು, ಒಡೆಯುತ್ತಿರುವ ಕಣಗಳನ್ನು ಅಲ್ಲಿಗೇ ನಿಲ್ಲಿಸಲು ಕಾಲ್ಚಿಸಿನ್ ಎಂಬ ವಿಷ. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇರುವುದು ಈ ವಿಷವೇ. ಆ ಬಳಿಕ ಫೋಟೊ ತೆಗೆದು, ಒಂದೊಂದು ತಂತುವನ್ನೂ ಕತ್ತರಿಯಿಂದ ಕತ್ತರಿಸಿ, ಎತ್ತರದ ಕ್ರಮದಲ್ಲಿ ಕಾಗದದ ಮೇಲೆ ಅಂಟಿಸಬೇಕು. ಶಾಲೆಯ ಮಕ್ಕಳ ಕರಕುಶಲ ತರಗತಿಯಂತೆ ತೋರಿದರೂ ಕಣ್ಣು ಸೋಲಿಸುವ ಕೆಲಸ.

ಒಂದು ಎಕ್ಸ್, ಎರಡು ವೈ ಇರುವ ಗಂಡಸು ಮೊದಲು ಸಿಕ್ಕಿದ್ದು 1961ರಲ್ಲಿ, ಅಮೆರಿಕದ ಬಫಲೋ ನಗರದಲ್ಲಿ. ಯಾರೂ ಅವನನ್ನು ಹುಡುಕಿಕೊಂಡು ಹೋಗಿರಲಿಲ್ಲ. ಅವನ ಮಕ್ಕಳಲ್ಲಿ ಒಂದಕ್ಕೆ ಡೌನ್ ಲಕ್ಷಣವಿದ್ದುದರಿಂದ ತಂದೆಯ ರಕ್ತವನ್ನೂ ನೋಡಿದರು. ಹೆಚ್ಚಿಗೆ ಒಂದು ವೈ ಕಂಡಿತು. ನಲವತ್ತನ್ನು ದಾಟಿದ ಸಂಸಾರಸ್ಥ, ಬುದ್ಧಿ ಎಲ್ಲರಂತೆ, ಪೋಲೀಸರ ದಾಖಲೆಯಲ್ಲಿ ಹೆಸರಿಲ್ಲ. ವೈದ್ಯಪತ್ರಿಕೆಯಲ್ಲಿ ಒಂದು ಚಿಕ್ಕ ವರದಿಯಾಗಿ ಆ ಗೃಹಸ್ಥ ಅಲ್ಲಿಗೇ ಉಳಿದ. ನನ್ನ ನೋಟ್ ಪುಸ್ತಕದವರೆಗೆ ಅವನು ಬರಲೇ ಇಲ್ಲ.

ಬಂದವರು ಬೇರೆಯವರು. ಸ್ಕಾಟ್ಲೆಂಡಿನ ಕಾರ್‌ಸ್ಟೇರ್ಸ್ ಎಂಬಲ್ಲಿ, ಅಪಾಯಕಾರಿಗಳೆನಿಸಿದ ಮನೋರೋಗಿಗಳನ್ನು ಕಟ್ಟುಕಾವಲಿನಲ್ಲಿಡುವ ಸರ್ಕಾರಿ ಆಸ್ಪತ್ರೆಯೊಂದಿದೆ. ಅಂಥ ಕಡೆಗಳಲ್ಲಿ ವೈ ಹೆಚ್ಚಿಗೆ ಇರುವವರು ಸಿಗಬಹುದೆಂಬ ಗುಮಾನಿಯಿಂದ ಜೇಕಬ್ಸ್ ಮತ್ತು ಅವಳ ಸಂಗಡಿಗರು ಅಲ್ಲಿಗೆ ಹೋದರು. ಬುದ್ಧಿಮಾಂದ್ಯರೆಂದು ಬರೆದಿದ್ದ 197 ಗಂಡಸರ ರಕ್ತ ನೋಡಿದರು. ಏಳು ಮಂದಿ ಎಕ್ಸ್ ವೈ ವೈ! 1965ರ ಡಿಸೆಂಬರಿನ ‘ನೇಚರ್’ ಪತ್ರಿಕೆಯಲ್ಲಿ ಅವರ ಲೇಖನ ಬಂದಿತು. ತಲೆಬರಹ: ‘ಆಕ್ರಮಣಶೀಲ ವರ್ತನೆ, ಬುದ್ಧಿಮಾಂದ್ಯ ಮತ್ತು ಎಕ್ಸ್ ವೈ ವೈ ಪುರುಷ’. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಈ ತಲೆಬರಹವೇ ಮುಂದಿನ ಅನರ್ಥಕ್ಕೆಲ್ಲ ಬೀಜ. ಲೇಖನದೊಳಗೆ ಎಚ್ಚರಿಕೆಯ ಮಾತುಗಳಿದ್ದವು. ಆದರೆ ತಲೆಬರಹವನ್ನಷ್ಟೇ ಓದಿ ಉಳಿದುದನ್ನು ಊಹಿಸಿಕೊಳ್ಳುವ ಜಾತಿ ನಮ್ಮದು.

ನೂರಾ ತೊಂಬತ್ತೇಳರಲ್ಲಿ ಏಳು ಹೆಚ್ಚೋ ಕಡಮೆಯೋ? ಹೊರಗಿನ ಜನರಲ್ಲಿ ಎಷ್ಟು ಮಂದಿ ಹೀಗಿದ್ದಾರೆಂದು ತಿಳಿದಿದ್ದರಲ್ಲವೆ ಹೇಳುವುದು? ಅದು ಯಾರಿಗೂ ತಿಳಿದಿರಲಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಾರ್‌ಸ್ಟೇರ್ಸ್ ಇತ್ತು. ಇನ್ನೊಂದು ತಟ್ಟೆ ಬರಿದು.

ಬರಿದಾದ ತಟ್ಟೆಗೆ ಪತ್ರಿಕೆಗಳು ಕೈ ಹಾಕಿದವು. 1966ರ ಜುಲೈಯಲ್ಲಿ ಷಿಕಾಗೋದಲ್ಲಿ ರಿಚರ್ಡ್ ಸ್ಪೆಕ್ ಎಂಬಾತ ಎಂಟು ಮಂದಿ ನರ್ಸುಗಳನ್ನು ಒಂದೇ ರಾತ್ರಿ ಕೊಂದಿದ್ದ. 1968ರಲ್ಲಿ, ಅವನದು ಎಕ್ಸ್ ವೈ ವೈ ದೇಹವೆಂಬ ಸುದ್ದಿ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಹಬ್ಬಿತು. ಅವನ ರಕ್ತವನ್ನು 1966ರಲ್ಲಿಯೇ ಪರೀಕ್ಷಿಸಿದ್ದರು. ಎಲ್ಲ ಗಂಡಸರಂತೆ ಒಂದೇ ವೈ. ಆದರೆ ಆ ವರದಿ ವಿವರವಾಗಿ ಅಚ್ಚಾದದ್ದು 1972ರಲ್ಲಿ. ಸುಳ್ಳು ಅಷ್ಟರಲ್ಲಿ ಊರೆಲ್ಲ ಸುತ್ತಿ, ಪಠ್ಯಪುಸ್ತಕವನ್ನು ಹೊಕ್ಕು, ನನ್ನ ಮೇಷ್ಟ್ರ ಕರಿಹಲಗೆಯ ಕಡೆಗೆ ಹೊರಟಾಗಿತ್ತು. ಅದೇ 1968ರಲ್ಲಿ ಪ್ಯಾರಿಸ್, ಮೆಲ್ಬರ್ನ್ ನ್ಯಾಯಾಲಯಗಳಲ್ಲಿ ಕೊಲೆಯ ಆರೋಪಿಗಳ ಪರವಾಗಿ ಈ ಹೆಚ್ಚುವರಿ ತಂತುವನ್ನು ಮುಂದೊಡ್ಡಿ ವಾದಗಳು ನಡೆದವು. ತಮಾಷೆಯೆಂದರೆ, 1967ರಲ್ಲಿಯೇ ಪ್ರೈಸ್ ಮತ್ತು ವ್ಹಾಟ್‌ಮೋರ್ ಎಂಬಿಬ್ಬರು ಅದೇ ಕಾರ್‌ಸ್ಟೇರ್ಸಿನ ಒಂಬತ್ತು ಎಕ್ಸ್ ವೈ ವೈ ರೋಗಿಗಳ ಅಪರಾಧಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ನೋಡಿದ್ದರು. ಮನುಷ್ಯರ ಮೇಲೆ ಕೈ ಮಾಡಿದ್ದು ಇವರಲ್ಲಿ ಜೊತೆಯ ರೋಗಿಗಳಿಗಿಂತ ಕಡಮೆ. ಬಹುಪಾಲು ಕಳವು ಮತ್ತು ಅಂಥವೇ. ಇದು ಯಾರಿಗೂ ಸುದ್ದಿ ಎನಿಸಲಿಲ್ಲ.

‘ಹುಟ್ಟು ಅಪರಾಧಿ’ ಎಂಬ ಆಸೆ ಹಳೆಯದು. ಇಟಲಿಯ ಲೊಂಬ್ರೋಸೊ 1876ರಲ್ಲಿ ದವಡೆ, ಕಿವಿ, ಹಣೆಗಳ ಅಳತೆ ಹಿಡಿದು ಅಂಥವನನ್ನು ಗುರುತಿಸಲು ಹೊರಟಿದ್ದ. ನಮ್ಮ ದೇಶದಲ್ಲಿ ಇಂಗ್ಲಿಷರು ಅಳತೆಯ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. 1871ರ ಕಾನೂನಿನಿಂದ ಸಮುದಾಯ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಪಟ್ಟಿಗೆ ಸೇರಿಸಿದರು. ತೊಟ್ಟಿಲಿನಲ್ಲಿದ್ದ ಕೂಸೂ ಪಟ್ಟಿಗೆ ಸೇರಿದ ಕುಲದ್ದೇ. ಆ ಕಳಂಕ ಕಾಗದದ ಮೇಲಿನಿಂದ ಹೋದದ್ದು 1952ರಲ್ಲಿ. ಜನರ ಮನಸ್ಸಿನಿಂದ ಹೋಯಿತೆಂದು ಯಾರು ಹೇಳಿಯಾರು?

ಇರಲಿ. ಬರಿದಾದ ತಟ್ಟೆಯನ್ನು ತುಂಬುವ ದಾರಿ ಒಂದೇ ಇತ್ತು. ಸೆರೆಗೆ ಬಿದ್ದವರನ್ನು ಎಣಿಸುವ ಬದಲು ಹುಟ್ಟಿದವರನ್ನು ಎಣಿಸಬೇಕು. ಒಂದು ಆಸ್ಪತ್ರೆಯಲ್ಲಿ ಒಂದರ ಹಿಂದೊಂದು ಹುಟ್ಟುವ ಮಕ್ಕಳನ್ನು, ಆಯದೆ, ಬಿಡದೆ. ಮಗು ಮುಂದೆ ಏನಾಗುತ್ತದೆಂದು ಆಗ ಯಾರಿಗೂ ಗೊತ್ತಿರುವುದಿಲ್ಲ. ಆ ಅರಿವಿಲ್ಲದಿರುವುದೇ ಈ ಲೆಕ್ಕದ ಶುದ್ಧಿ. ಇದಕ್ಕೆ ಮೊದಲೂ ಎಳೆಯ ಮಕ್ಕಳನ್ನು ನೋಡಿದ್ದುಂಟು. ಎಡಿನ್‌ಬರೋದವರು ಕೆನ್ನೆಯ ಒಳಪೊರೆಯನ್ನು ಮೆಲ್ಲಗೆ ಕೆರೆದು, ಡೆನ್ವರಿನಲ್ಲಿ ಆರ್ಥರ್ ರಾಬಿನ್‌ಸನ್ನನ ತಂಡ 1964ರಿಂದ ಹತ್ತು ವರ್ಷ, ಬಿಸಾಡುವ ಮಾಸಿನ ಪೊರೆಯಿಂದ ನಲವತ್ತು ಸಾವಿರ ಕೂಸುಗಳನ್ನು ಪರೀಕ್ಷಿಸಿತು. ಆದರೆ ಆ ಸುಲಭ ವಿಧಾನದಲ್ಲಿ ಎಕ್ಸ್ ತಂತುವಿನ ಹೆಚ್ಚು ಕಡಮೆ ಮಾತ್ರ ತಿಳಿಯುತ್ತದೆ, ವೈ ಕಾಣುವುದಿಲ್ಲ. ಅದಕ್ಕೆ ರಕ್ತವೇ ಬೇಕು. ರಾಜ್ಮಾ, ಮೂರು ದಿನದ ಕಾವು, ಕತ್ತರಿ, ಅಂಟು ಎಲ್ಲ ಬೇಕು, ಒಂದೊಂದು ಕೂಸಿಗೂ.

ಎಡಿನ್‌ಬರೋದಲ್ಲಿ 1967ರಿಂದ ಅದು ನಡೆಯಿತು. ವಿಕಿರಣದ ಕೆಡುಕುಗಳನ್ನು ಅಭ್ಯಸಿಸಲು ಮೈಕೇಲ್ ಕೋರ್ಟ್ ಬ್ರೌನ್ ಕಟ್ಟಿದ್ದ ಸಂಸ್ಥೆಯೇ ಈ ಭಾರ ಹೊತ್ತಿತು. ಆತ 1968ರಲ್ಲಿ ತೀರಿಕೊಂಡದ್ದರಿಂದ ಫಲವನ್ನು ನೋಡಲಿಲ್ಲ. 1974ರಲ್ಲಿ 11,680 ಕೂಸುಗಳ ವರದಿ ಬಂದಿತು. ಬರೆದವರಲ್ಲಿ ಮೊದಲ ಹೆಸರು ಅದೇ ಜೇಕಬ್ಸಳದು. ತಾನು ಎತ್ತಿದ ಪ್ರಶ್ನೆಗೆ ಉತ್ತರವನ್ನೂ ತಾನೇ ಹುಡುಕಿದ ಈ ಹೆಂಗಸಿನ ಬಗೆಗೆ ನನಗೆ ಗೌರವ ಹೆಚ್ಚಿತು. ಕೆನಡದ ವಿನಿಪೆಗ್, ಡೆನ್ಮಾರ್ಕಿನ ಆರ್ಹುಸ್, ಅಮೆರಿಕದ ನ್ಯೂ ಹೇವನ್, ಬೋಸ್ಟನ್ ಮುಂತಾದೆಡೆಗಳಲ್ಲಿಯೂ ಎಣಿಕೆ ನಡೆಯಿತು. 1977ರಲ್ಲಿ ಹುಕ್ ಮತ್ತು ಹ್ಯಾಮರ್‌ಟನ್ ಇಂಥ ಸಮೀಕ್ಷೆಗಳನ್ನು ಕೂಡಿಸಿದಾಗ 56,952 ಕೂಸುಗಳ ಲೆಕ್ಕವಾಯಿತು. ಸುಮಾರು 160 ಕೂಸುಗಳಿಗೆ ಒಂದರಲ್ಲಿ ವರ್ಣತಂತುಗಳ ಒಂದಲ್ಲ ಒಂದು ದೊಡ್ಡ ವ್ಯತ್ಯಾಸ. ಎಕ್ಸ್ ವೈ ವೈ ಎಂಬುದು ಸುಮಾರು ಸಾವಿರ ಗಂಡು ಕೂಸುಗಳಿಗೆ ಒಂದು.

ಈ ಸಂಖ್ಯೆ ಕೈಗೆ ಬಂದೊಡನೆ ನಾನು ಕಾಗದ ಪೆನ್ಸಿಲು ಹಿಡಿದು ಕುಳಿತೆ. ಸ್ಕಾಟ್ಲೆಂಡಿನಲ್ಲಿ ಆಗ ಗಂಡಸರು ಸುಮಾರು ಇಪ್ಪತ್ತೈದು ಲಕ್ಷ. ಸಾವಿರಕ್ಕೊಬ್ಬನಂತೆ ಎರಡೂವರೆ ಸಾವಿರ ಎಕ್ಸ್ ವೈ ವೈ ಗಂಡಸರಿರಬೇಕು. ಕಾರ್‌ಸ್ಟೇರ್ಸಿನ 315 ಗಂಡಸರನ್ನೆಲ್ಲ ನೋಡಿದ ಮೇಲೆ ಅಲ್ಲಿ ಸಿಕ್ಕವರು ಒಂಬತ್ತು. ಉಳಿದವರು? ಬೇರೆ ಸೆರೆಮನೆಗಳಲ್ಲಿ ಇನ್ನಷ್ಟು ಮಂದಿ ಇದ್ದರೆಂದೇ ಇಟ್ಟುಕೊಳ್ಳೋಣ. ಮಿಕ್ಕ ಎರಡು ಸಾವಿರ ಚಿಲ್ಲರೆ ಜನ ಬಸ್ಸು ಓಡಿಸುತ್ತಲೋ, ಅಂಗಡಿಯಲ್ಲಿ ಕೂತೋ, ಮಕ್ಕಳ ಫೀಸಿಗೆ ಪರದಾಡುತ್ತಲೋ, ತಮ್ಮೊಳಗೆ ಹೆಚ್ಚಿಗೆ ಒಂದು ತಂತುವಿದೆಯೆಂಬ ಗಂಧವೇ ಇಲ್ಲದೆ ಬಾಳುತ್ತಿದ್ದರು. ಹಾಗೆಂದು ಕಾರ್‌ಸ್ಟೇರ್ಸಿನ ಲೆಕ್ಕ ಸುಳ್ಳಲ್ಲ. ಸಾವಿರಕ್ಕೊಬ್ಬನಿರಬೇಕಾದಲ್ಲಿ ಮುನ್ನೂರು ಮಂದಿಯಲ್ಲಿ ಒಂಬತ್ತು ಎಂದರೆ ನಿಜವಾಗಿಯೂ ಬಹಳ. ಎರಡೂ ನಿಜವೇ. ಸೆರೆಯ ಕಡೆಯಿಂದ ನೋಡಿದರೆ ಭಯವಾಗುತ್ತದೆ. ತೊಟ್ಟಿಲ ಕಡೆಯಿಂದ ನೋಡಿದರೆ ಆ ಭಯಕ್ಕೆ ಆಧಾರ ಸಾಲದು.

ಆದರೆ ತೊಟ್ಟಿಲ ಲೆಕ್ಕಕ್ಕೆ ಅದರದೇ ಒಂದು ತೊಡಕಿತ್ತು. ಸೆರೆಯಲ್ಲಿರುವವನಿಗೆ ವಯಸ್ಸಾಗಿದೆ, ಅವನು ಆಗುವುದೆಲ್ಲ ಆಗಿದೆ. ತೊಟ್ಟಿಲಲ್ಲಿರುವವನ ತಾಯಿ ಪಕ್ಕದಲ್ಲೇ ಕೂತಿದ್ದಾಳೆ. ಅವಳಿಗೆ ಏನು ಹೇಳುವುದು?

ಬೋಸ್ಟನ್ನಿನ ಕಥೆ ಇಲ್ಲಿಯೇ ಗಂಟು ಬಿದ್ದಿತು. ಮಕ್ಕಳ ಮನೋವೈದ್ಯ ಸ್ಟಾನ್ಲಿ ವಾಲ್ಟ್ಸರ್ ಮತ್ತು ವಂಶವಿಜ್ಞಾನಿ ಪಾರ್ಕ್ ಜೆರಾಲ್ಡ್ 1968ರಿಂದ ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರ ಗಂಡು ಕೂಸುಗಳ ರಕ್ತ ನೋಡುತ್ತಿದ್ದರು. ಹಣ ಬಂದದ್ದು ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿಂದ. ಅದರೊಳಗೂ, ಅಪರಾಧ ಮತ್ತು ಬಾಲಾಪರಾಧಗಳ ಅಧ್ಯಯನಕ್ಕೆಂದಿದ್ದ ವಿಭಾಗದಿಂದ. ಹೆಚ್ಚಿನ ತಂತುವಿರುವ ಮಕ್ಕಳನ್ನು ವರ್ಷ ವರ್ಷವೂ ಮನೆಗೆ ಹೋಗಿ ನೋಡುವುದು, ತೊಂದರೆ ಕಂಡರೆ ತಂದೆತಾಯಿಗಳಿಗೆ ನೆರವಾಗುವುದು ಎಂಬುದು ಏರ್ಪಾಡು. ವಾಲ್ಟ್ಸರನ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಸಂಶಯವಿಲ್ಲ.

1974ರಲ್ಲಿ ಹಾರ್ವರ್ಡಿನ ಜಾನ್ ಬೆಕ್‌ವಿತ್, ಎಂ.ಐ.ಟಿ.ಯ ಜೊನಾಥನ್ ಕಿಂಗ್ ಮತ್ತು ಅವರ ಗೆಳೆಯರು ಇದನ್ನು ಎದುರಿಸಿ ನಿಂತರು. ಬೆಕ್‌ವಿತ್ ಸಾಮಾನ್ಯನಲ್ಲ, 1969ರಲ್ಲಿ ಏಕಾಣುಜೀವಿಯಿಂದ ಒಂದು ಜೀನನ್ನು ಮೊತ್ತಮೊದಲು ಬೇರ್ಪಡಿಸಿ ತೋರಿಸಿದವರಲ್ಲಿ ಮುಖ್ಯನಾದವನು. ಅವರ ಆಕ್ಷೇಪಣೆ ಹೀಗಿತ್ತು. ಹೆರಿಗೆಗೆ ಬಂದು ನೋವು ತಿನ್ನುತ್ತಿರುವ ಹೆಂಗಸಿನಿಂದ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೆ? ಪತ್ರಿಕೆಗಳೆಲ್ಲ ‘ಅಪರಾಧದ ತಂತು’ ಎಂದು ಕೂಗುತ್ತಿರುವಾಗ, ನಿನ್ನ ಮಗುವಿನಲ್ಲಿ ಅದಿದೆಯೆಂದು ತಾಯಿಗೆ ಹೇಳಿದರೆ ಅವಳು ಅದನ್ನು ಹೇಗೆ ಬೆಳೆಸಿಯಾಳು? ಮಗು ಆಟಿಕೆ ಒಡೆದರೆ ಉಳಿದ ತಾಯಂದಿರು ಗದರಿ ಸುಮ್ಮನಾಗುತ್ತಾರೆ. ಇವಳಿಗೆ ಎದೆ ಝಲ್ಲೆನ್ನುತ್ತದೆ. ಆ ಮಗು ಕೆಟ್ಟರೆ ಕೆಡಿಸಿದ್ದು ತಂತುವೋ ಹೇಳಿದ ಮಾತೋ ಎಂದು ತಿಳಿಯುವುದು ಹೇಗೆ?

ಇದನ್ನು ಓದುವಾಗ ನನಗೆ ನಮ್ಮ ಸೋದರತ್ತೆಯ ಮಗಳು ನೆನಪಾದಳು. ಅವಳು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದೆಂಬ ಮಾತು ಗೊತ್ತೇ ಇದೆಯಷ್ಟೆ. ಚಿಕ್ಕಂದಿನಲ್ಲಿ ಅವಳಿಗೆ ನಮ್ಮೆಲ್ಲರಿಗೂ ಇದ್ದಷ್ಟೇ ಕೋಪ. ನಾವು ಪಾತ್ರೆ ಎಸೆದರೆ ‘ಹುಡುಗು ಬುದ್ಧಿ’. ಅವಳು ಎಸೆದರೆ ಅಜ್ಜಿ ಅತ್ತೆಯ ಮುಖ ನೋಡಿ, ‘ಎಷ್ಟಾದರೂ ಆ ನಕ್ಷತ್ರ’ ಎನ್ನುತ್ತಿದ್ದರು. ಅವಳಿಗೂ ಹತ್ತು ವರ್ಷವಾಗುವುದರೊಳಗೆ ಅದು ತಿಳಿದಿತ್ತು. ಜಾತಕ ಬರೆದ ಜೋಯಿಸರು ಏನೂ ಸುಳ್ಳು ಬರೆದಿರಲಿಲ್ಲ; ಅವಳು ಹುಟ್ಟಿದ ಗಳಿಗೆಯನ್ನಷ್ಟೇ ಬರೆದಿದ್ದರು.

ಹಾಗಾದರೆ ಹೇಳದೆಯೇ ಇರಬಹುದಲ್ಲವೆ? ಮಗುವಿನ ಮೈಯ ಒಂದು ಸಂಗತಿಯನ್ನು ಡಾಕ್ಟರು ತಿಳಿದೂ ತಾಯಿಯಿಂದ ಬಚ್ಚಿಟ್ಟು, ವರ್ಷ ವರ್ಷ ಮನೆಗೆ ಬಂದು ಬೇರೇನೋ ನೆಪ ಹೇಳಿ ನೋಡಿಕೊಂಡು ಹೋಗುವುದು ಯಾವ ನ್ಯಾಯ? ಹೇಳಿದರೆ ಕೂಸಿಗೆ ಅನ್ಯಾಯ, ಹೇಳದಿದ್ದರೆ ತಾಯಿಗೆ ಅನ್ಯಾಯ. ಎಣಿಸದೆಯೇ ಬಿಟ್ಟರೆ ಕಾರ್‌ಸ್ಟೇರ್ಸಿನ ಒಂಟಿ ತಟ್ಟೆಯೇ ಜಗತ್ತಿಗೆ ಪ್ರಮಾಣವಾಗಿ ಉಳಿಯುತ್ತದೆ. ನಾನು ಬೆಕ್‌ವಿತ್ತನ ವಾದವನ್ನು ಓದಿದಾಗ ಅವನ ಕಡೆ, ವಾಲ್ಟ್ಸರನದನ್ನು ಓದಿದಾಗ ಇವನ ಕಡೆ ಆಗುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

1975ರ ಮಾರ್ಚಿನಲ್ಲಿ ಹಾರ್ವರ್ಡ್ ವೈದ್ಯಕಾಲೇಜಿನ ಅಧ್ಯಾಪಕರು ಸಭೆ ಸೇರಿ ಮತ ಹಾಕಿದರು. ಅಧ್ಯಯನ ಮುಂದುವರಿಯಲೆಂದು 199, ಬೇಡವೆಂದು 35. ಗೆದ್ದ ವಾಲ್ಟ್ಸರ್ ಕೆಲವೇ ತಿಂಗಳಲ್ಲಿ, ಇನ್ನು ಹೊಸ ಕೂಸುಗಳ ರಕ್ತ ನೋಡುವುದಿಲ್ಲವೆಂದು ಸಾರಿದ. ಹೊರಗಿನ ಸಂಘಗಳ ಒತ್ತಡ ನಿಂತಿರಲಿಲ್ಲ, ಮನುಷ್ಯ ದಣಿದಿದ್ದ. ಅಷ್ಟರಲ್ಲಿ 13,751 ಗಂಡು ಕೂಸುಗಳನ್ನು ನೋಡಿಯಾಗಿತ್ತು. ಗುರುತಿಸಿದ್ದ ಮಕ್ಕಳ ಕೈಯನ್ನು ಮಾತ್ರ ಅವನು ಬಿಡಲಿಲ್ಲ. ನಾನು ಗೆರೆ ಎಳೆದುಕೊಂಡ ವರ್ಷವೂ ಅದೇ.

ಮರುವರ್ಷ ಕೋಪನ್‌ಹೇಗನ್ನಿನಿಂದ ಇನ್ನೊಂದು ಲೆಕ್ಕ ಬಂದಿತು. ಹರ್ಮನ್ ವಿಟ್ಕಿನ್ ಮತ್ತು ಸಂಗಡಿಗರು 1944ರಿಂದ 1947ರೊಳಗೆ ಆ ನಗರದಲ್ಲಿ ಹುಟ್ಟಿದ ಗಂಡಸರಲ್ಲಿ ಎತ್ತರವಾದ 4,139 ಮಂದಿಯ ವರ್ಣತಂತುಗಳನ್ನು ನೋಡಿದ್ದರು. ಎಕ್ಸ್ ವೈ ವೈ ಹನ್ನೆರಡು ಮಂದಿ. ಅವರಲ್ಲಿ ಐವರಿಗೆ ಯಾವುದೋ ಅಪರಾಧಕ್ಕಾಗಿ ಶಿಕ್ಷೆಯಾಗಿತ್ತು. ಉಳಿದ ಗಂಡಸರಲ್ಲಿ ಅದು ನೂರಕ್ಕೆ ಒಂಬತ್ತರ ಹತ್ತಿರ. ಆದರೆ ಅಪರಾಧಗಳು ಬಹುಮಟ್ಟಿಗೆ ಸಣ್ಣವು. ಮನುಷ್ಯರ ಮೇಲೆ ಕೈ ಮಾಡಿದವನು ಹನ್ನೆರಡರಲ್ಲಿ ಒಬ್ಬ. ಓದುಬರಹದಲ್ಲಿ, ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದೇ ಇದರ ಒಂದು ಕಾರಣವಿರಬೇಕೆಂದು ಅವರು ಬರೆದರು. ಹಿಂದೆ ಬಿದ್ದವನು ಸಿಕ್ಕಿಬೀಳುವುದೂ ಬೇಗ.

ತೊಟ್ಟಿಲಲ್ಲಿ ಗುರುತಾದ ಮಕ್ಕಳು ಬೆಳೆದರು. ಎಡಿನ್‌ಬರೋದಲ್ಲಿ ಷರ್ಲಿ ರ‍್ಯಾಟ್‌ಕ್ಲಿಫ್ ಎಂಬ ವೈದ್ಯೆ ಅವರನ್ನು ವರ್ಷಗಟ್ಟಲೆ ಅಳೆದು, ತೂಗಿ, ಮಾತನಾಡಿಸಿ ನೋಡಿದಳು. ಬೇರೆ ನಗರಗಳಲ್ಲಿಯೂ ಕಂಡದ್ದು ಹೆಚ್ಚುಕಡಮೆ ಒಂದೇ. ಎತ್ತರ ಬೆಳೆಯುತ್ತಾರೆ. ಕೆಲವರಿಗೆ ಮಾತು ತಡವಾಗಿ ಬರುತ್ತದೆ; ಓದಲು ಕಲಿಯುವಾಗ ಕೈಹಿಡಿದು ನಡೆಸಬೇಕಾದವರು ಅಣ್ಣತಮ್ಮಂದಿರಿಗಿಂತ ಇವರಲ್ಲಿ ಹೆಚ್ಚು; ಕೆಲವರಿಗೆ ಮುಂಗೋಪ. ಬಹುಪಾಲು ಮಂದಿ ಎಲ್ಲರ ಜೊತೆ ಸಾಮಾನ್ಯ ಶಾಲೆಯಲ್ಲಿಯೇ ಓದಿದರು. 1990ರಲ್ಲಿ ವಾಲ್ಟ್ಸರ್ ತನ್ನ ಬೋಸ್ಟನ್ ಹುಡುಗರ ಬಗೆಗೆ ಪ್ರಕಟಿಸಿದ ಬರಹದ ವಿಷಯ ಅಪರಾಧವಲ್ಲ, ಕಲಿಕೆಯ ತೊಂದರೆ. ಬಾಲಾಪರಾಧದ ಹೆಸರಿನಲ್ಲಿ ಬಿಡುಗಡೆಯಾದ ಹಣ ಕೊನೆಗೆ ಕಾಗುಣಿತಕ್ಕೆ ಬಂದು ಮುಟ್ಟಿತು.

ಈಗ ತೊಟ್ಟಿಲವರೆಗೂ ಕಾಯಬೇಕಾಗಿಲ್ಲ. ಬಸುರಿಯ ತೋಳಿನಿಂದ ತೆಗೆದ ರಕ್ತದಲ್ಲಿಯೇ ಗರ್ಭದ ಕೂಸಿನ ತಂತುಗಳನ್ನು ಅಂದಾಜು ಮಾಡುವ ಪರೀಕ್ಷೆ 2011ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದು, ಇತರ ದೇಶಗಳಿಗೂ ಹರಡಿದೆ. ಡೌನ್ ಲಕ್ಷಣವಿದೆಯೋ ಎಂದು ಹುಡುಕುವಾಗ ಕೇಳದೆಯೇ ಎಕ್ಸ್ ವೈ ವೈ ಕಣ್ಣಿಗೆ ಬೀಳುವುದುಂಟು. 1974ರಲ್ಲಿ ಬೋಸ್ಟನ್ನಿನಲ್ಲಿ ಜಗಳವಾಡಿದ ಪ್ರಶ್ನೆ ಹಾಗೆಯೇ ಹೊಸ ಕೋಣೆಗೆ ಬಂದು ಕುಳಿತಿದೆ. ವರದಿಯನ್ನು ಕೈಯಲ್ಲಿ ಹಿಡಿದ ಹೆಂಗಸು ಮನೆಗೆ ಹೋಗಿ ಯಾರನ್ನೋ ಕೇಳುತ್ತಾಳೆ, ಯಾವುದೋ ಪುಸ್ತಕ ತೆಗೆಯುತ್ತಾಳೆ. ಅಲ್ಲಿ ಅವಳಿಗೆ ಸಿಗುವುದು 1965ರ ತಲೆಬರಹವೋ 1977ರ ಲೆಕ್ಕವೋ ಎಂಬುದು ಪುಸ್ತಕ ಬರೆದವನ ಮೇಲೆ ನಿಂತಿದೆ.

ನೋಟ್ ಪುಸ್ತಕವನ್ನು ರದ್ದಿಗೆ ಹಾಕೋಣವೆಂದು ಮನೆಯಾಕೆ ಹೇಳಿದಳು. ನಾನು ಬೇಡವೆಂದೆ. ಎರಡು ಗೆರೆ ಎಳೆದಿದ್ದ ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ‘56,952 ಕೂಸುಗಳು’ ಎಂದು ಬರೆದು, ಟ್ರಂಕಿನಲ್ಲಿಟ್ಟು ಅಟ್ಟಕ್ಕೆ ಹಾಕಿಸಿದೆ.